ಉಳುಕಿ ವರ್ಷ ಕಳೆದರೂ ಬಿಡದ ಕಣಕಾಲಿನ ನೋವು

ಪ್ರಶ್ನೆ: ನನಗೆ 28 ವರ್ಷ. ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ, ಊರಿನ ವಾಲಿಬಾಲ್ ತಂಡದಲ್ಲಿ ಆಡುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ಹೊನಲು ಬೆಳಕಿನ ಪಂದ್ಯವೊಂದರಲ್ಲಿ ಬ್ಲಾಕ್ ಮಾಡಲು ಹಾರಿ ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲು ಬಿದ್ದು ಬಲಗಾಲು ಉಳುಕಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲವೆಂದು ಗೊತ್ತಾಯಿತು. ಎರಡು ವಾರ ಕ್ರೇಪ್ ಬ್ಯಾಂಡೇಜ್ ಸುತ್ತಿ ಮಾತ್ರೆ ತೆಗೆದುಕೊಂಡೆ, ಆಮೇಲೆ ಉಳುಕು ತೆಗೆಯುವವರಲ್ಲಿ ಎಣ್ಣೆ ಹಾಕಿ ತಿಕ್ಕಿಸಿದೆ, ಒಂದೂವರೆ ತಿಂಗಳಿಗೆ ಮತ್ತೆ ಆಟಕ್ಕಿಳಿದೆ. ನೋವು ಇಂದಿಗೂ ಪೂರ್ತಿ ಹೋಗಿಲ್ಲ. ದರೆ ಇಳಿಯುವಾಗ ಮತ್ತು ಕುಕ್ಕರಗಾಲಿನಲ್ಲಿ ಕೂರುವಾಗ ಕಣಕಾಲಿನ ಮುಂಭಾಗದ ಹೊರಬದಿಯಲ್ಲಿ ಚುಚ್ಚಿದಂತಾಗುತ್ತದೆ, ಆಡಿದ ದಿನ ಸಂಜೆ ಊದಿಕೊಳ್ಳುತ್ತದೆ, ಈ ನಡುವೆ ಎರಡು ಸಲ ಕಾಲು ಮತ್ತೆ ಹೊರಳಿದೆ. ಎಂಆರ್‌ಐ ವರದಿಯಲ್ಲಿ ಎಟಿಎಫ್‌ಎಲ್ ಎಂಬ ಲಿಗಮೆಂಟ್ ಹಿಂದೆ ಭಾಗಶಃ ಹರಿದು ಈಗ ದಪ್ಪಗಾಗಿದೆ, ಕೀಲಿನಲ್ಲಿ ಸ್ವಲ್ಪ ನೀರಿದೆ, ಮೂಳೆಗೂ ಮೃದ್ವಸ್ಥಿಗೂ ಗಾಯವಿಲ್ಲ ಎಂದಿದೆ. ಒಬ್ಬ ವೈದ್ಯರು ಮೂರು ತಿಂಗಳು ವಿಶ್ರಾಂತಿ ಎನ್ನುತ್ತಾರೆ, ಇನ್ನೊಬ್ಬರು ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಇನ್ನು ಏಳು ವಾರಕ್ಕೆ ನಮ್ಮೂರಿನ ಪಂದ್ಯಾವಳಿ ಇದೆ. ನಾನು ಆಟ ಬಿಡಬೇಕೇ?

ಉತ್ತರ: ಆಟ ಬಿಡಬೇಕಾದ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಿಸುತ್ತಿಲ್ಲ. ಶಸ್ತ್ರಚಿಕಿತ್ಸೆಯನ್ನು ತೀರ್ಮಾನಿಸುವ ಹಂತವೂ ಇನ್ನೂ ಬಂದಿಲ್ಲ. ಆದರೆ ಮೂರು ತಿಂಗಳು ಕಾಲಿಗೆ ಬರೀ ವಿಶ್ರಾಂತಿ ಕೊಡುವುದನ್ನೂ ನಾನು ಒಪ್ಪಲಾರೆ, ಏಕೆಂದರೆ ಕಳೆದ ಹದಿನಾಲ್ಕು ತಿಂಗಳಲ್ಲಿ ನಿಮ್ಮ ನೋವಿಗೆ ಮಾತ್ರೆ, ಬ್ಯಾಂಡೇಜ್, ಎಣ್ಣೆ ಎಲ್ಲವೂ ಸಿಕ್ಕಿವೆಯಾದರೂ ಗಾಯಗೊಂಡ ಕಾಲಿಗೆ ಅದರ ಹಳೆಯ ಕೆಲಸವನ್ನು ಮತ್ತೆ ಕಲಿಸುವ ಪ್ರಯತ್ನ ಒಮ್ಮೆಯೂ ನಡೆದಂತಿಲ್ಲ. ಉಳುಕು ವಾಸಿಯಾದ ಮೇಲೂ ನೋವು ಉಳಿದುಕೊಂಡು ಬರುವವರಲ್ಲಿ ನಾನು ಅತಿ ಹೆಚ್ಚಾಗಿ ಕಾಣುವ ಕೊರತೆ ಇದೇ ಆಗಿದೆ. ಹಾಗಾಗಿ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಂದು ನೆಟ್ ಬಳಿ ಏನಾಯಿತು ಎಂಬಲ್ಲಿಂದ ಆರಂಭಿಸೋಣ. ಕಣಕಾಲಿನ ಎರಡು ಬದಿಯ ಗಂಟುಗಳ ನಡುವೆ ಟೇಲಸ್ ಎಂಬ ಮೂಳೆ ಬೆಣೆಯಂತೆ ಕೂತಿರುತ್ತದೆ. ಈ ಬೆಣೆ ಮುಂದೆ ಅಗಲವಾಗಿಯೂ ಹಿಂದೆ ಕಿರಿದಾಗಿಯೂ ಇರುವುದರಿಂದ, ಪಾದ ನೆಲಕ್ಕೆ ಸಮವಾಗಿದ್ದಾಗ ಕೀಲು ಬಿಗಿಯಾಗಿರುತ್ತದೆ, ಬೆರಳುಗಳು ಕೆಳಮುಖವಾದಾಗ ಸಡಿಲಗೊಳ್ಳುತ್ತದೆ. ಹಾರಿ ಇಳಿಯುವ ಆಟಗಾರನ ಪಾದ ನೆಲ ಮುಟ್ಟುವ ಮೊದಲು ಬೆರಳುಗಳು ಕೆಳಮುಖವಾಗಿಯೇ ಇರುತ್ತವೆ. ಆ ಕ್ಷಣದಲ್ಲಿ ಕೀಲನ್ನು ಹಿಡಿದಿಡುವ ಭಾರವೆಲ್ಲ ಹೊರಬದಿಯ ಲಿಗಮೆಂಟುಗಳ ಮೇಲೆ, ಅದರಲ್ಲೂ ಹೊರಗಂಟಿನ ಮುಂದಿನಿಂದ ಟೇಲಸ್ ಮೂಳೆಗೆ ಅಡ್ಡ ಹಾಯುವ ಎಟಿಎಫ್‌ಎಲ್ ಮೇಲೆ ಬೀಳುತ್ತದೆ. ಲಿಗಮೆಂಟನ್ನು ಕನ್ನಡದಲ್ಲಿ ಅಸ್ಥಿರಜ್ಜು ಎನ್ನುತ್ತೇವೆ, ಮೂಳೆಗೂ ಮೂಳೆಗೂ ಕಟ್ಟಿದ ಹಗ್ಗ ಎಂದೇ ತಿಳಿಯಿರಿ. ಹೊರಬದಿಯಲ್ಲಿರುವ ಮೂರು ಹಗ್ಗಗಳಲ್ಲಿ ಇದು ಅತ್ಯಂತ ದುರ್ಬಲವಾದದ್ದು. ಪಾದ ಒಳಕ್ಕೆ ಹೊರಳಿದರೆ ಮೊದಲು ಹರಿಯುವುದು ಇದೇ. ಪೆಟ್ಟು ಇನ್ನೂ ಜೋರಾಗಿದ್ದರೆ ಹೊರಗಂಟಿನ ಕೆಳಗಿನಿಂದ ಹಿಮ್ಮಡಿ ಮೂಳೆಗೆ ಹೋಗುವ ಎರಡನೆಯದೂ ಹರಿಯುತ್ತದೆ.

ಹರಿದ ಲಿಗಮೆಂಟ್ ಕೂಡಿಕೊಳ್ಳುತ್ತದೆ. ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟಿ ಊತ ಬರುತ್ತದೆ, ಮುಂದಿನ ಸುಮಾರು ಆರು ವಾರ ಹೊಸ ನಾರುಗಳು ಬೆಳೆಯುತ್ತವೆ, ಆಮೇಲೆ ಅವು ಹುರಿಗೊಳ್ಳಲು ತಿಂಗಳುಗಳು, ಕೆಲವೊಮ್ಮೆ ಒಂದು ವರ್ಷವೇ ಬೇಕಾಗುತ್ತದೆ. ಈ ನಾರುಗಳು ಯಾವ ದಿಕ್ಕಿಗೆ ಹುರಿಗೊಳ್ಳಬೇಕು ಎಂಬುದನ್ನು ಅವುಗಳ ಮೇಲೆ ಬೀಳುವ ಹದವಾದ ಎಳೆತವೇ ನಿರ್ಧರಿಸುತ್ತದೆ. ಎಳೆತವೇ ಇಲ್ಲದಿದ್ದರೆ ಗಾಯ ಗಡುಸಾದ, ಅಡ್ಡಾದಿಡ್ಡಿ ನಾರಿನ ಗುರುತಾಗಿ ಉಳಿಯುತ್ತದೆ. ನಿಮ್ಮ ವರದಿಯಲ್ಲಿರುವ ‘ದಪ್ಪಗಾಗಿದೆ’ ಎಂಬ ಮಾತು ಈ ಗುರುತಿನ ಬಗ್ಗೆ ಹೇಳಿರುವುದು. ಅದನ್ನು ಓದಿ ನೀವು ಗಾಬರಿಯಾಗಿದ್ದೀರಿ ಎಂದು ಪತ್ರದ ಧಾಟಿಯಿಂದ ತಿಳಿಯುತ್ತದೆ. ಹಿಂದೆಂದೋ ಕಾಲು ಉಳುಕಿಸಿಕೊಂಡು ಈಗ ಯಾವ ನೋವೂ ಇಲ್ಲದೆ ಓಡಾಡುತ್ತಿರುವವರ ಎಂಆರ್‌ಐ ತೆಗೆದರೂ ಇಂತಹದೇ ಸಾಲು ಬರೆದು ಬರುವುದುಂಟು. ಹಾಗಾಗಿ ಆ ಸಾಲನ್ನೇ ಇಂದಿನ ನೋವಿನ ಕಾರಣವೆಂದು ಹಿಡಿಯುವಂತಿಲ್ಲ. ನಿಮ್ಮ ವರದಿಯಲ್ಲಿ ನಿಜವಾಗಿ ಮುಖ್ಯವಾದದ್ದು ಮೃದ್ವಸ್ಥಿಗೆ ಗಾಯವಿಲ್ಲ ಎಂಬ ಸಾಲು, ಮತ್ತು ಅದು ಸಮಾಧಾನದ ಸುದ್ದಿ.

ಲಿಗಮೆಂಟ್ ಬರೀ ಹಗ್ಗವಷ್ಟೇ ಆಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಕೀಲು ಈಗ ಯಾವ ಕೋನದಲ್ಲಿದೆ, ಎಷ್ಟು ವೇಗವಾಗಿ ಹೊರಳುತ್ತಿದೆ ಎಂಬುದನ್ನು ಕ್ಷಣಕ್ಷಣವೂ ಮಿದುಳಿಗೆ ತಿಳಿಸುವ ನರದ ತುದಿಗಳು ಲಿಗಮೆಂಟಿನಲ್ಲಿಯೂ ಕೀಲಿನ ಕವಚದಲ್ಲಿಯೂ ಇರುತ್ತವೆ. ಲಿಗಮೆಂಟ್ ಹರಿದಾಗ ಈ ಸುದ್ದಿಯ ತಂತಿಗಳೂ ಕೆಡುತ್ತವೆ. ಉಳುಕಿದ ಕಾಲು ಮತ್ತೆ ಮತ್ತೆ ಹೊರಳುವುದಕ್ಕೆ ಲಿಗಮೆಂಟಿನ ಸಡಿಲಿಕೆ ಮಾತ್ರವಲ್ಲ, ಈ ಸುದ್ದಿ ಕೆಟ್ಟಿರುವುದೂ ಕಾರಣ ಎಂಬುದನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಫ್ರೀಮನ್ ಮತ್ತು ಅವರ ಜೊತೆಗಾರರು 1965ರಲ್ಲಿಯೇ ಬರೆದರು, ಸಮತೋಲನದ ಅಭ್ಯಾಸದಿಂದ ಅದನ್ನು ತಿದ್ದಬಹುದೆಂದೂ ತೋರಿಸಿದರು. ಕಾಲು ಹೊರಳಿ ಗಾಯವಾಗಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗಿಲ್ಲ. ಹೊರಳಲು ಆರಂಭಿಸಿದ ಮೇಲೆ ಸುದ್ದಿ ಮುಟ್ಟಿ, ಸ್ನಾಯು ಎಚ್ಚೆತ್ತು, ಪಾದವನ್ನು ಎಳೆದು ಸರಿಪಡಿಸುವಷ್ಟು ವ್ಯವಧಾನ ಅಲ್ಲಿರುವುದಿಲ್ಲ. ಆದ್ದರಿಂದ ಗಟ್ಟಿಯಾದ ಕಾಲು ನೆಲ ಮುಟ್ಟುವ ಮೊದಲೇ, ಗಾಳಿಯಲ್ಲಿರುವಾಗಲೇ, ಹೊರಬದಿಯ ಸ್ನಾಯುಗಳನ್ನು ಬಿಗಿಗೊಳಿಸಿಕೊಂಡು ಸಿದ್ಧವಾಗಿರುತ್ತದೆ. ಈ ಪೂರ್ವಸಿದ್ಧತೆ ವಿಶ್ರಾಂತಿಯಿಂದ ಬರುವಂಥದ್ದಲ್ಲ, ತಿಕ್ಕುವುದರಿಂದ ಬರುವಂಥದ್ದೂ ಅಲ್ಲ. ಅದನ್ನು ಅಭ್ಯಾಸ ಮಾಡಿಯೇ ಪಡೆಯಬೇಕು.

ಮೊದಲ ಸಲ ಕಣಕಾಲು ಉಳುಕಿಸಿಕೊಂಡವರಲ್ಲಿ ಶೇ 20ರಿಂದ 40ರಷ್ಟು ಮಂದಿಗೆ ನೋವು, ಊತ, ಕಾಲು ಕೈಕೊಟ್ಟಂತಾಗುವುದು ಇಂತಹ ತೊಂದರೆ ದೀರ್ಘಕಾಲ ಉಳಿಯುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಅಂದಾಜಿಸಿವೆ. ‘ಬರೀ ಉಳುಕು ತಾನೇ’ ಎಂದು ನಾವು ಹಗುರವಾಗಿ ತಳ್ಳಿಹಾಕುವ ಗಾಯಕ್ಕೆ ಇದು ಸಣ್ಣ ಪ್ರಮಾಣವಲ್ಲ. ಮೂಳೆ ಮುರಿದವನಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಡುತ್ತೇವೆ, ಉಳುಕಿದವನಿಗೆ ಮೂಳೆ ಮುರಿದಿಲ್ಲವೆಂದು ಹೇಳಿ ಮನೆಗೆ ಕಳುಹಿಸುತ್ತೇವೆ. ಇದು ನನ್ನ ವೃತ್ತಿಯವರೂ ಸೇರಿ ನಾವೆಲ್ಲ ತಿದ್ದಿಕೊಳ್ಳಬೇಕಾದ ತಪ್ಪು ಎಂದು ನಾನು ಭಾವಿಸುತ್ತೇನೆ.

ಈಗ ನಿಮ್ಮ ನೋವಿಗೆ ಬರೋಣ. ಒಂದು ಬೆರಳನ್ನು ಮಾತ್ರ ಬಳಸಿ, ನೋವು ಅತಿ ಹೆಚ್ಚಾಗಿರುವ ಜಾಗವನ್ನು ಮುಟ್ಟಿ ತೋರಿಸಿ ಎಂದು ನಾನು ನನ್ನಲ್ಲಿಗೆ ಬರುವವರನ್ನು ಕೇಳುತ್ತೇನೆ. ಇಡೀ ಅಂಗೈಯಿಂದ ಕಣಕಾಲನ್ನು ಸವರಿ ತೋರಿಸುವವರೂ ನಿಧಾನವಾಗಿ ಹುಡುಕಿದರೆ ಒಂದು ಜಾಗಕ್ಕೆ ಬಂದು ನಿಲ್ಲುತ್ತಾರೆ. ನೀವು ಹೇಳುವಂತೆ ಆ ಜಾಗ ಹೊರಗಂಟಿನ ಮುಂದಿನ ಗುಳಿಯಲ್ಲಿದ್ದು, ಕುಕ್ಕರಗಾಲಿನಲ್ಲಿ ಕೂತಾಗ ಅಥವಾ ಇಳಿಜಾರಿನಲ್ಲಿ ಮಂಡಿ ಮುಂದಕ್ಕೆ ಬಾಗಿದಾಗ ಚುಚ್ಚುವುದಾದರೆ, ಗಾಯ ಮಾಯುವಾಗ ಬೆಳೆದ ದಪ್ಪ ಪೊರೆ ಕೀಲಿನ ಮುಂದಿನ ಸಂದಿಯಲ್ಲಿ ಸಿಕ್ಕಿ ಹಿಸುಕಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಕೆಲವು ಹಳೆಯ ಆಟಗಾರರಲ್ಲಿ, ವಿಶೇಷವಾಗಿ ವರ್ಷಗಟ್ಟಲೆ ಫುಟ್‌ಬಾಲ್ ಆಡಿದವರಲ್ಲಿ, ಇದೇ ಜಾಗದಲ್ಲಿ ಮೂಳೆಯ ಸಣ್ಣ ಮುಳ್ಳು ಬೆಳೆದು ಹೀಗೆಯೇ ಚುಚ್ಚುತ್ತದೆ. ನಿಮ್ಮ ವರದಿಯಲ್ಲಿ ಅದರ ಪ್ರಸ್ತಾಪವಿಲ್ಲ.

ನೋವು ಹೊರಗಂಟಿನ ಹಿಂದೆ ಇದ್ದು, ಪಾದ ತಿರುಗಿಸಿದಾಗ ದಾರ ಜಾರಿದಂತೆ ಟಕ್ಕೆನ್ನುವುದಾದರೆ ಅಲ್ಲಿ ಹಾದುಹೋಗುವ ಪೆರೋನಿಯಲ್ ಸ್ನಾಯುರಜ್ಜು ಸವೆದಿರಬಹುದು ಅಥವಾ ತನ್ನ ಓಣಿಯಿಂದ ಜಾರುತ್ತಿರಬಹುದು. ನೋವು ಕಣಕಾಲಿಗಿಂತ ನಾಲ್ಕು ಬೆರಳು ಮೇಲೆ, ಎರಡು ಮೂಳೆಗಳ ನಡುವೆ ಇದ್ದು, ಪಾದವನ್ನು ಹೊರಕ್ಕೆ ತಿರುಗಿಸಿದಾಗ ಹೆಚ್ಚುವುದಾದರೆ ಆ ಎರಡು ಮೂಳೆಗಳನ್ನು ಕೂಡಿಸುವ ಕಟ್ಟು ಗಾಯಗೊಂಡಿರುತ್ತದೆ. ಆ ಬಗೆಯ ಉಳುಕು ವಾಸಿಯಾಗಲು ಸಾಮಾನ್ಯ ಉಳುಕಿಗಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಕೀಲಿನ ಆಳದಲ್ಲಿ ಎಲ್ಲಿಯೋ ಎಂದು ತೋರುವ, ಬೆರಳಿಗೆ ಸಿಗದ ನೋವು, ಅದರ ಜೊತೆಗೆ ಕೀಲು ಆಗಾಗ ಸಿಕ್ಕಿಕೊಂಡು ನಿಲ್ಲುವುದು ಇದ್ದರೆ ಟೇಲಸ್ ಮೂಳೆಯ ಮೇಲ್ಮೈಯ ಮೃದ್ವಸ್ಥಿಗೆ ಪೆಟ್ಟಾಗಿದೆಯೇ ಎಂದು ನೋಡಬೇಕು. ಇದು ಸಾಧಾರಣ ಎಕ್ಸ್‌ರೇಯಲ್ಲಿ ತಪ್ಪಿಹೋಗುವುದು ಅಪರೂಪವಲ್ಲ, ಎಂಆರ್‌ಐಯಲ್ಲಿ ಸಿಗುತ್ತದೆ. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿಗೆ ಹೋಗುವ ಮೂಳೆಯ ಬುಡದಲ್ಲಿ ನೋವಿದ್ದರೆ ಅಲ್ಲಿನ ಮುರಿತ ಕಣ್ತಪ್ಪಿರಬಹುದು. ಪಾದದ ಮೇಲ್ಭಾಗದಲ್ಲಿ ಜುಮುಗುಡುವಿಕೆ ಅಥವಾ ಉರಿ ಇದ್ದರೆ ಕಾಲು ಹೊರಳಿದಾಗ ಎಳೆದುಹೋದ ನರದ ಕಡೆ ಗಮನ ಹರಿಸಬೇಕು. ಹದಿಹರೆಯದವರ ಕಾಲು ಪದೇ ಪದೇ ಹೊರಳುತ್ತಿದ್ದು ಪಾದ ಬಿರುಸಾಗಿದ್ದರೆ ಹುಟ್ಟಿನಿಂದಲೇ ಎರಡು ಮೂಳೆಗಳು ಕೂಡಿಕೊಂಡಿವೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವ ರೂಢಿ ಇರುವುದರಿಂದ ಇನ್ನೊಂದು ವಿಷಯವನ್ನೂ ಹೇಳಬೇಕು. ಹಾಗೆ ಕೂತಾಗ ಪಾದ ಒಳಕ್ಕೆ ಮಡಚಿಕೊಂಡು, ಬೆರಳುಗಳು ಕೆಳಮುಖವಾಗಿ, ಹೊರಗಂಟು ನೆಲಕ್ಕೆ ಒತ್ತುತ್ತದೆ. ಅಂದರೆ ಲಿಗಮೆಂಟ್ ಹರಿದ ಭಂಗಿಯಲ್ಲಿಯೇ ಕಾಲನ್ನು ಅರ್ಧ ಗಂಟೆ ಒತ್ತಿಟ್ಟಂತಾಗುತ್ತದೆ. ಊಟಕ್ಕೆ, ಭಜನೆಗೆ ಕೂತು ಎದ್ದ ಮೇಲೆ ನೋವು ಹೆಚ್ಚುವವರು ಇದನ್ನು ಗಮನಿಸಿರುತ್ತಾರೆ. ಗಂಟಿನ ಮೇಲೆ ನೀರುಗುಳ್ಳೆಯಂತಹ ಮೆತ್ತನೆಯ ಊತ ಬರುವುದೂ ಈ ಒತ್ತಡದಿಂದಲೇ. ಕೆಲವು ತಿಂಗಳ ಮಟ್ಟಿಗೆ ಮಣೆ ಅಥವಾ ಕುರ್ಚಿಯ ಮೇಲೆ ಕೂರುವುದು ಒಳ್ಳೆಯದು.

ವೈದ್ಯರನ್ನು ಕಾಣಲು ತಡಮಾಡಬಾರದ ಸಂದರ್ಭಗಳೂ ಇವೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಆಡಲಿ ಬಿಡಲಿ ಇಳಿಯದ ಊತ, ಜ್ವರ, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಉಳಿಯುವ ಬಿಗಿತ, ಬೇರೆ ಕೀಲುಗಳಲ್ಲಿಯೂ ನೋವು, ಪಾದದ ಬಣ್ಣವೂ ಬಿಸಿಯೂ ಬದಲಾಗಿ ಬಟ್ಟೆ ತಗುಲಿದರೂ ಉರಿಯುವುದು, ಇವು ಉಳುಕಿನ ಉಳಿಕೆಗಳಲ್ಲ. ನಮ್ಮ ದೇಶದಲ್ಲಿ ಕಣಕಾಲಿನ ಕೀಲಿಗೆ ಕ್ಷಯ ತಗುಲಿದ್ದನ್ನು ತಿಂಗಳುಗಟ್ಟಲೆ ಹಳೆಯ ಉಳುಕೆಂದೇ ತಿಳಿದು ಉಪಚರಿಸಿದ ಉದಾಹರಣೆಗಳಿವೆ. ಸಂಜೆಯ ಜ್ವರ ಮತ್ತು ತೂಕ ಇಳಿಯುವುದು ಜೊತೆಗಿದ್ದರೆ ಆ ದಿಕ್ಕಿನಲ್ಲಿ ಪರೀಕ್ಷೆ ಆಗಲೇಬೇಕು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ.

ನಿಮ್ಮ ಕಾಲು ಎಷ್ಟು ಬಿಗಿದುಕೊಂಡಿದೆ ಎಂಬುದನ್ನು ನೀವೇ ಮನೆಯಲ್ಲಿ ಅಳೆಯಬಹುದು. ಗೋಡೆಗೆ ಮುಖ ಮಾಡಿ ನಿಂತು, ಒಂದು ಕಾಲಿನ ಹೆಬ್ಬೆರಳ ತುದಿಯನ್ನು ಗೋಡೆಯಿಂದ ಸ್ವಲ್ಪ ದೂರವಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಇನ್ನಷ್ಟು ಹಿಂದಕ್ಕೆ ತೆಗೆದುಕೊಳ್ಳಿ. ಹಿಮ್ಮಡಿ ಏಳದೆ ಮಂಡಿ ತಾಗುವ ಕೊನೆಯ ದೂರವನ್ನು ಸ್ಕೇಲಿನಿಂದ ಅಳೆದು ಬರೆದಿಡಿ. ಆರೋಗ್ಯವಂತ ಕಾಲಿನಲ್ಲಿ ಇದು ಸಾಮಾನ್ಯವಾಗಿ 10 ಸೆಂಟಿಮೀಟರ್ ಆಸುಪಾಸು ಇರುತ್ತದೆಯಾದರೂ, ನಿಮ್ಮ ಎಡಗಾಲೇ ನಿಮಗೆ ಸರಿಯಾದ ಅಳತೆಗೋಲು. ಬಲಗಾಲು ಅದಕ್ಕಿಂತ 2 ಸೆಂಟಿಮೀಟರಿಗೂ ಮೀರಿ ಹಿಂದುಳಿದಿದ್ದರೆ, ಕೂರುವಾಗಿನ ಮತ್ತು ದರೆ ಇಳಿಯುವಾಗಿನ ಚುಚ್ಚುವಿಕೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಂತೆ. ಬಿಗಿದ ಕಣಕಾಲು ಇನ್ನೊಂದು ತೊಂದರೆಯನ್ನೂ ತರುತ್ತದೆ. ಹಾರಿ ಇಳಿಯುವಾಗ ಬೆಣೆ ಪೂರ್ತಿಯಾಗಿ ಕೂರದೆ, ಕೀಲು ಸಡಿಲವಾದ ಭಂಗಿಯಲ್ಲಿಯೇ ಹೆಚ್ಚು ಹೊತ್ತು ಉಳಿದು, ಹೊರಳುವ ಅಪಾಯ ಹೆಚ್ಚುತ್ತದೆ. ಅಂದರೆ ಬಿಗಿತವೂ ಸಡಿಲಿಕೆಯೂ ಒಂದೇ ಕಾಲಿನಲ್ಲಿ ಒಟ್ಟಿಗೆ ಇರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಎರಡು ಮೂರು ವಾರ ಹಾರುವುದನ್ನು ನಿಲ್ಲಿಸಿ, ಆದರೆ ನಡೆಯುವುದನ್ನೂ ತೋಟದ ಕೆಲಸವನ್ನೂ ನಿಲ್ಲಿಸಬೇಡಿ. ಮೇಲೆ ಹೇಳಿದ ಗೋಡೆಯ ಪರೀಕ್ಷೆಯನ್ನೇ ವ್ಯಾಯಾಮವಾಗಿ ಮಾಡಿಕೊಳ್ಳಿ: ಹದಿನೈದು ಸಲದಂತೆ ಮೂರು ಸುತ್ತು, ದಿನಕ್ಕೆರಡು ಹೊತ್ತು. ಮಂಡಿ ಒಳಕ್ಕೆ ಬೀಳದೆ ಎರಡನೇ ಬೆರಳಿನ ನೇರಕ್ಕೆ ಬರಲಿ. ಕಣಕಾಲಿನ ಮುಂಭಾಗದಲ್ಲಿ ತೀವ್ರವಾಗಿ ಚುಚ್ಚಿದರೆ ಬಲವಂತ ಮಾಡದೆ ಅದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಪೊರೆ ಹಿಸುಕಿಕೊಳ್ಳುತ್ತಿರುವ ಕೀಲನ್ನು ನೋವಿನ ಮೇಲೆಯೇ ಒತ್ತುತ್ತ ಹೋದರೆ ಅದು ಇನ್ನಷ್ಟು ಊದಿಕೊಳ್ಳುತ್ತದೆ. ಸಾಗರ ಅಥವಾ ಶಿವಮೊಗ್ಗದಲ್ಲಿ ನುರಿತ ಫಿಸಿಯೋಥೆರಪಿಸ್ಟ್ ಒಬ್ಬರು ಟೇಲಸ್ ಮೂಳೆಯನ್ನು ಕೈಯಿಂದ ಹಿಂದಕ್ಕೆ ಸರಿಸುವ ಚಿಕಿತ್ಸೆಯನ್ನು ನಾಲ್ಕಾರು ಸಲ ಮಾಡಿದರೆ ಬಿಗಿತ ಬೇಗ ಬಿಡುತ್ತದೆ.

ಇದರ ಜೊತೆಯಲ್ಲಿಯೇ ಬಲ ತುಂಬುವ ಕೆಲಸ ನಡೆಯಬೇಕು. ಮೆಟ್ಟಿಲಿನ ಮೇಲೆ ನಿಂತು ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಬಲಗಾಲೊಂದರಲ್ಲಿಯೇ, ಎಡಗಾಲು ಎಷ್ಟು ಸಲ ಎತ್ತಬಲ್ಲದೋ ಅಷ್ಟು ಬರುವವರೆಗೆ. ಹಾರುವ ಆಟಗಾರರಿಗೆ ಇಪ್ಪತ್ತಕ್ಕಿಂತ ಕಡಿಮೆ ಸಾಲದು ಎಂಬುದು ನನ್ನ ಅಭಿಪ್ರಾಯ. ಹೊರಬದಿಯ ಪೆರೋನಿಯಲ್ ಸ್ನಾಯುಗಳಿಗೆ ರಬ್ಬರ್ ಪಟ್ಟಿ ಬೇಕು, ಹಳೆಯ ಸೈಕಲ್ ಟ್ಯೂಬಿನ ತುಂಡೂ ಆದೀತು. ಅದರ ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದದ ಮುಂಭಾಗಕ್ಕೆ ಸಿಕ್ಕಿಸಿ, ಪಾದವನ್ನು ಹೊರಕ್ಕೆ ಎಳೆದು, ಮರಳಿ ಬಿಡುವಾಗ ಮೂರು ಎಣಿಸುವಷ್ಟು ನಿಧಾನವಾಗಿ ಬಿಡಿ. ಎಳೆಯುವುದಕ್ಕಿಂತ ಈ ನಿಧಾನವಾಗಿ ಬಿಡುವುದೇ ಮುಖ್ಯ, ಏಕೆಂದರೆ ಕಾಲು ಹೊರಳುವಾಗ ಆ ಸ್ನಾಯು ಮಾಡಬೇಕಾದ ಕೆಲಸ ಅದೇ. ಸೊಂಟದ ಪಕ್ಕದ ಸ್ನಾಯುಗಳೂ ಇಂತಹ ಕಾಲಿನಲ್ಲಿ ದುರ್ಬಲವಾಗಿರುವುದು ಕಂಡುಬರುವುದರಿಂದ, ಪಕ್ಕಕ್ಕೆ ಮಲಗಿ ಕಾಲೆತ್ತುವ ವ್ಯಾಯಾಮವನ್ನೂ ಸೇರಿಸಿಕೊಳ್ಳಿ.

ಸಮತೋಲನದ ಅಭ್ಯಾಸವನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಬೆಳಗ್ಗೆ ಹಲ್ಲುಜ್ಜುವಾಗ ಬರಿಗಾಲಿನಲ್ಲಿ ಬಲಗಾಲೊಂದರ ಮೇಲೆ ನಿಲ್ಲಿ. ಮೂವತ್ತು ಸೆಕೆಂಡು ಅಲುಗದೆ ನಿಲ್ಲಲು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಕಣ್ಣು ಮುಚ್ಚಿದ ಕೂಡಲೇ ಕಾಲು ನಡುಗಿ ತೂರಾಡುವುದನ್ನು ನೋಡಿ ಬಹಳ ಮಂದಿ ಬೆರಗಾಗುತ್ತಾರೆ. ಅದುವರೆಗೆ ಕಾಲಿನ ಕೊರತೆಯನ್ನು ಕಣ್ಣು ತುಂಬಿಕೊಡುತ್ತಿತ್ತು ಎಂದೇ ಅದರ ಅರ್ಥ. ಪಂದ್ಯದಲ್ಲಿ ನಿಮ್ಮ ಕಣ್ಣು ಚೆಂಡಿನ ಮೇಲಿರುತ್ತದೆಯೇ ಹೊರತು ನೆಲದ ಮೇಲಲ್ಲ. ಮುಂದೆ ನಾಲ್ಕು ಮಡಿಕೆಯ ಕಂಬಳಿ ಅಥವಾ ದಿಂಬಿನ ಮೇಲೆ ನಿಂತು, ಗೋಡೆಗೆ ಚೆಂಡೆಸೆದು ಹಿಡಿಯಿರಿ. ಆಮೇಲೆ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲಿನ ತುದಿಯನ್ನು ಮುಂದಕ್ಕೆ, ಹಿಂದೆ ಓರೆಯಾಗಿ ಎರಡು ದಿಕ್ಕಿಗೆ ಸಾಧ್ಯವಾದಷ್ಟು ದೂರ ಚಾಚಿ, ತಲುಪಿದ ದೂರವನ್ನು ನೆಲದ ಮೇಲೆ ಗುರುತು ಮಾಡಿ. ಮುಂದಕ್ಕೆ ಚಾಚುವ ದೂರದಲ್ಲಿ ಎರಡು ಕಾಲುಗಳ ನಡುವೆ 4 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆಟಕ್ಕೆ ಇನ್ನೂ ಸಮಯವಿದೆ ಎಂದು ತಿಳಿಯಿರಿ.

ಇಂತಹ ಸರಳ ಅಭ್ಯಾಸದಿಂದ ಏನಾದೀತು ಎಂಬ ಸಂಶಯ ನಿಮಗೆ ಬರಬಹುದು. ನೆದರ್ಲೆಂಡ್ಸ್‌ನಲ್ಲಿ ಕಣಕಾಲು ಉಳುಕಿದ್ದ 522 ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಎಂಟು ವಾರ ಮನೆಯಲ್ಲಿ ತಾವೇ ಮಾಡಿಕೊಳ್ಳುವ ಸಮತೋಲನದ ಅಭ್ಯಾಸವನ್ನು ಕೊಟ್ಟು, ಒಂದು ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಭ್ಯಾಸವಿಲ್ಲದವರಲ್ಲಿ ಶೇ 33 ಮಂದಿಗೆ ಕಾಲು ಮತ್ತೆ ಉಳುಕಿತ್ತು, ಅಭ್ಯಾಸ ಮಾಡಿದವರಲ್ಲಿ ಶೇ 22 ಮಂದಿಗೆ. ಅವರಿಗೆ ಬೇಕಾಗಿದ್ದದ್ದು ದುಬಾರಿ ಯಂತ್ರಗಳಲ್ಲ, ವಾರಕ್ಕೆ ಕೆಲವು ದಿನದ ಸ್ವಲ್ಪ ಹೊತ್ತು ಮತ್ತು ಅದನ್ನು ಬಿಡದೆ ಮಾಡುವ ಮನಸ್ಸು.

ಅಭ್ಯಾಸ ಮಾಡುವಾಗ ನೋವು ಬಂದರೆ ನಿಲ್ಲಿಸಬೇಕೇ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ಹತ್ತಕ್ಕೆ ಮೂರರಷ್ಟು ನೋವನ್ನು ಸಹಿಸಬಹುದು, ಅದು ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಮರುದಿನ ಊತ ಹೆಚ್ಚಿದ್ದರೆ ಹಿಂದಿನ ದಿನದ ಪ್ರಮಾಣ ಹೆಚ್ಚಾಯಿತೆಂದು ಅರಿತು ನಾಲ್ಕನೇ ಒಂದು ಭಾಗ ಕಡಿಮೆ ಮಾಡಿ, ಆದರೆ ಪೂರ್ತಿ ಬಿಡಬೇಡಿ. ವರ್ಷಕಾಲ ಉಳಿದ ನೋವಿನಲ್ಲಿ ನೋವಿನ ಪ್ರತಿ ಎಳೆಯೂ ಹೊಸ ಗಾಯದ ಸೂಚನೆಯಲ್ಲ. ಬಹಳ ಕಾಲ ಎಚ್ಚರದಲ್ಲಿದ್ದ ನರಗಳು ಸಣ್ಣದಕ್ಕೂ ಕೂಗುತ್ತವೆ, ಹದವಾದ ಕೆಲಸ ಸಿಗುತ್ತ ಹೋದಂತೆ ಅವು ತಣ್ಣಗಾಗುತ್ತವೆ.

ಎಣ್ಣೆ ತಿಕ್ಕಿಸಿದ್ದರ ಬಗ್ಗೆ ನೀವು ಸಂಕೋಚದಿಂದ ಬರೆದಂತಿದೆ. ಸಂಕೋಚಪಡುವಂಥದ್ದೇನೂ ಇಲ್ಲ. ಹುಣಸೆ ಸೊಪ್ಪಿನ ಶಾಖ, ಅರಿಶಿನದ ಪಟ್ಟು, ನಾಟಿ ಕಟ್ಟು ಇವೆಲ್ಲ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಹೊಸ ಗಾಯದ ಮೊದಲ ದಿನಗಳಲ್ಲಿ ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ, ಆದ್ದರಿಂದ ಅದು ಬೇಡ. ಹಳೆಯ ನೋವಿಗೆ ಮೀನಖಂಡವನ್ನು ಹಗುರವಾಗಿ ನೀವುವುದು ಹಿತ ಕೊಡುತ್ತದೆ, ಆದರೆ ಸುದ್ದಿಯ ತಂತಿಯನ್ನು ಅದು ಸರಿಮಾಡದು. ನೋವಿನ ಮಾತ್ರೆಗಳ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು: ಆಡುವ ಮೊದಲು ಮಾತ್ರೆ ನುಂಗಿ ಕಣಕ್ಕಿಳಿಯುವುದನ್ನು ಇಂದೇ ಬಿಡಿ. ಅದು ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು, ಅದಕ್ಕಿಂತ ಮೊದಲು ಕಾಲಿನ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ. ವಿಶ್ರಾಂತಿ ಮತ್ತು ಐಸ್ ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ, ಪೂರ್ಣ ವಿಶ್ರಾಂತಿಯೂ ಐಸೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು.

ಆಟಕ್ಕೆ ಮರಳುವಾಗ ಕ್ರೇಪ್ ಬ್ಯಾಂಡೇಜನ್ನು ನಂಬಬೇಡಿ, ಅದು ಕಾಲು ಹೊರಳುವುದನ್ನು ತಡೆಯಲಾರದು. ಲೇಸ್ ಕಟ್ಟುವ ಕಣಕಾಲಿನ ಬ್ರೇಸ್ ಕೊಂಡು, ಅಭ್ಯಾಸದಲ್ಲಿಯೂ ಪಂದ್ಯದಲ್ಲಿಯೂ ಕನಿಷ್ಠ ಒಂದು ವರ್ಷ ಹಾಕಿಕೊಳ್ಳಿ. ಬ್ರೇಸ್ ಹಾಕಿದರೆ ಸ್ನಾಯು ಸೋಮಾರಿಯಾಗುತ್ತದೆ ಎಂಬ ಮಾತಿಗೆ ಆಧಾರ ಸಿಕ್ಕಿಲ್ಲ, ಹಿಂದೆ ಉಳುಕಿದವರಲ್ಲಿ ಅದು ಮರುಗಾಯವನ್ನು ತಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ತೋಟದಲ್ಲಿ ಅದು ಬೇಡ. ಅಲ್ಲಿನ ಏರುತಗ್ಗು ನೆಲ ನಿಧಾನವಾಗಿ ನಡೆಯುವ ಕಾಲಿಗೆ ಒಳ್ಳೆಯ ಗುರುವೇ ಆಗುತ್ತದೆ. ಹಿಮ್ಮಡಿ ಹಿಡಿಯದ ಸವೆದ ಹವಾಯಿ ಚಪ್ಪಲಿಯನ್ನು ಮಾತ್ರ ಬಿಟ್ಟುಬಿಡಿ, ಮಳೆಗಾಲದ ಪಾಚಿಯ ಮೇಲಂತೂ ಖಂಡಿತ ಬೇಡ.

ಶಸ್ತ್ರಚಿಕಿತ್ಸೆಯ ಮಾತು. ಮೂರರಿಂದ ಆರು ತಿಂಗಳು ಸರಿಯಾದ ಅಭ್ಯಾಸ ಮಾಡಿದ ಮೇಲೂ ಕಾಲು ಕೈಕೊಡುತ್ತಲೇ ಇದ್ದು, ವೈದ್ಯರು ಪಾದವನ್ನು ಮುಂದಕ್ಕೆಳೆದು ನೋಡಿದಾಗ ಇನ್ನೊಂದು ಕಾಲಿಗಿಂತ ಸ್ಪಷ್ಟವಾಗಿ ಸಡಿಲವಾಗಿದ್ದರೆ, ಆಗ ಅದು ಒಳ್ಳೆಯ ಉಪಾಯವೇ ಹೌದು. ಸ್ವೀಡನ್ನಿನ ಬ್ರೋಸ್ಟ್ರಾಮ್ 1966ರಲ್ಲಿ ವಿವರಿಸಿದ, ರೋಗಿಯ ಲಿಗಮೆಂಟನ್ನೇ ಮೊಟಕುಗೊಳಿಸಿ ಮತ್ತೆ ಮೂಳೆಗೆ ಹೊಲಿಯುವ ವಿಧಾನವೇ ಸುಧಾರಣೆಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಅಭ್ಯಾಸದ ನಂತರವೂ ಕಣಕಾಲಿನ ಮುಂಭಾಗದ ಚುಚ್ಚುವಿಕೆ ಉಳಿದರೆ, ಸಣ್ಣ ರಂಧ್ರದ ಮೂಲಕ ಕೀಲಿನೊಳಗನ್ನು ತೋರಿಸುವ ನಳಿಗೆ (ಆರ್ತ್ರೋಸ್ಕೋಪ್) ತೂರಿಸಿ ಸಿಕ್ಕಿಕೊಳ್ಳುತ್ತಿರುವ ಪೊರೆಯನ್ನು ತೆಗೆಯಲು ಬರುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ಮರುದಿನದಿಂದಲೂ ನಿಮ್ಮ ಮುಂದಿರುವುದು ಇದೇ ಹಿಮ್ಮಡಿ ಎತ್ತುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು, ತಿಂಗಳುಗಳ ಅಭ್ಯಾಸ. ಅದನ್ನು ಮೊದಲೇ ಮಾಡಿ ನೋಡಿದರೆ ಚಾಕುವಿನ ಅಗತ್ಯವೇ ಬಾರದಿರಬಹುದು. ‘ನಾನು ಇದುವರೆಗೆ ಕ್ರಮಬದ್ಧ ವ್ಯಾಯಾಮ ಮಾಡಿಲ್ಲ, ಮೂರು ತಿಂಗಳು ಮಾಡಿ ಬಂದರೆ ನೋಡುತ್ತೀರಾ’ ಎಂದು ಆ ಎರಡನೇ ವೈದ್ಯರನ್ನು ಕೇಳಿ. ಅವರೂ ಒಪ್ಪಿಯಾರು.

ಹಾರುವುದನ್ನು ಮತ್ತೆ ಆರಂಭಿಸುವ ಬಗೆ ಹೀಗೆ. ಗೋಡೆಯ ಅಳತೆಯೂ ಹಿಮ್ಮಡಿ ಎತ್ತುವ ಎಣಿಕೆಯೂ ಎಡಗಾಲಿಗೆ ಹತ್ತಿರ ಬಂದ ಮೇಲೆ ಎರಡೂ ಕಾಲಿನಲ್ಲಿ ಸಣ್ಣಗೆ ಹಾರಿ ಸದ್ದಿಲ್ಲದೆ ಇಳಿಯಿರಿ. ಆಮೇಲೆ ಕುಂಟೆಬಿಲ್ಲೆಯಂತೆ ಒಂಟಿ ಕಾಲಿನಲ್ಲಿ ಮುಂದಕ್ಕೆ, ಪಕ್ಕಕ್ಕೆ, ಕೊನೆಗೆ ಗಾಳಿಯಲ್ಲಿ ಸ್ವಲ್ಪ ತಿರುಗಿ. ಚೆಂಡಿನೊಂದಿಗೆ ಹಾರುವುದು ಇದಾದ ಮೇಲೆ, ನೆಟ್ ಬಳಿಯ ಬ್ಲಾಕ್ ಎಲ್ಲಕ್ಕಿಂತ ಕೊನೆಗೆ. ವಾಲಿಬಾಲಿನಲ್ಲಿ ಪಾದದ ಸ್ವಲ್ಪ ಭಾಗ ನಡುಗೆರೆಯ ಮೇಲಿದ್ದರೆ ಸಾಕು, ಉಳಿದದ್ದು ಎದುರಾಳಿಯ ಅಂಗಳಕ್ಕೆ ದಾಟಿದರೂ ನಿಯಮ ಒಪ್ಪುತ್ತದೆ. ನಿಮ್ಮ ಕಾಲು ಇನ್ನೊಬ್ಬರ ಪಾದದ ಮೇಲೆ ಬಿದ್ದದ್ದು ಇಂತಹದೇ ಜಾಗದಲ್ಲಿ. ನಾರ್ವೆಯಲ್ಲಿ ರೋಆಲ್ಡ್ ಬಾರ್ ಮತ್ತು ಸಂಗಡಿಗರು ವಾಲಿಬಾಲ್ ಆಟಗಾರರಿಗೆ ಓಡಿಬಂದು ಹಾರುವ ಮತ್ತು ಇಳಿಯುವ ಕ್ರಮವನ್ನು ತಿದ್ದಿ, ಹಲಗೆಯ ಮೇಲೆ ಸಮತೋಲನದ ಅಭ್ಯಾಸ ಕೊಟ್ಟಾಗ ಕಣಕಾಲಿನ ಉಳುಕುಗಳು ಸುಮಾರು ಅರ್ಧಕ್ಕಿಳಿದವು. ಆ ಫಲಿತಾಂಶ ಪ್ರಕಟವಾದದ್ದು 1997ರಲ್ಲಿ. ನಿಮ್ಮ ತಂಡದಲ್ಲಿಯೂ ಸ್ಮ್ಯಾಶ್ ಹೊಡೆಯುವವರು ಉದ್ದಕ್ಕೆ ಹಾರದೆ ನೇರ ಮೇಲಕ್ಕೆ ಹಾರುವುದನ್ನು, ಬ್ಲಾಕ್ ಮಾಡುವವರು ಎರಡೂ ಕಾಲಿನಲ್ಲಿ ತಮ್ಮ ಅಂಗಳದೊಳಗೇ ಇಳಿಯುವುದನ್ನು ರೂಢಿಸಿಕೊಂಡರೆ ಇನ್ನೊಬ್ಬರ ಕಾಲೂ ಉಳಿಯುತ್ತದೆ.

ಏಳು ವಾರದ ನಂತರದ ಪಂದ್ಯಾವಳಿಯಲ್ಲಿ ನೆಟ್ ಬಳಿ ಆಡುವುದು ಬೇಡ. ಇಷ್ಟೆಲ್ಲ ಅಭ್ಯಾಸಕ್ಕೆ ಹತ್ತರಿಂದ ಹನ್ನೆರಡು ವಾರವಾದರೂ ಬೇಕು, ಅವಸರದಲ್ಲಿ ಇನ್ನೊಮ್ಮೆ ಹೊರಳಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನಿಮಗಿದು ಬೇಸರದ ಮಾತೆಂದು ನನಗೆ ಗೊತ್ತು. ಆ ಹೊತ್ತಿಗೆ ಸರ್ವ್ ಹಾಕುವುದನ್ನೂ ಹಿಂದಿನ ಸಾಲಿನಲ್ಲಿ ನಿಂತು ಚೆಂಡೆತ್ತುವುದನ್ನೂ ಅಭ್ಯಾಸದಲ್ಲಿ ಮಾಡುತ್ತಿರಬಹುದು. ಇಂದೇ ಎರಡೂ ಕಾಲಿನ ನಾಲ್ಕು ಅಳತೆಗಳನ್ನು ಬರೆದಿಡಿ: ಗೋಡೆಯ ದೂರ, ಹಿಮ್ಮಡಿ ಎತ್ತುವ ಎಣಿಕೆ, ಕಣ್ಣು ಮುಚ್ಚಿ ನಿಲ್ಲುವ ಸೆಕೆಂಡು, ಮುಂದಕ್ಕೆ ಚಾಚುವ ದೂರ. ಆರು ವಾರದ ನಂತರ ಮತ್ತೆ ಅಳೆದು, ಎರಡನ್ನೂ ಒಟ್ಟಿಗೆ ನನಗೆ ಕಳುಹಿಸಿ. ಬಲಗಾಲಿನ ಅಂಕಿಗಳು ಏರಿಯೂ ಮುಂಭಾಗದ ಚುಚ್ಚುವಿಕೆ ಹಾಗೆಯೇ ಉಳಿದಿದ್ದರೆ ಅದನ್ನೂ ಬರೆಯಿರಿ, ಆಗ ಎಂಆರ್‌ಐ ಚಿತ್ರಗಳನ್ನು ಮತ್ತೊಮ್ಮೆ ತೆರೆದು ನೋಡೋಣ.